ಪಾಲುಗಾರನೂ ಆಳೂ

ದುಡಿಯುವ ಮನುಷ್ಯನಿಗೆ ತನ್ನ ದುಡಿಮೆಯಲ್ಲಿ ಸಮಾಧಾನವು ಯಾವುದರಿಂದ ಉಂಟಾಗುವದು? ಕೈಗೆ ಬರುವ ಹಣದಿಂದ ಎಂಬುದು ಲೋಕದ ಸಿದ್ಧವಾದ ಉತ್ತರ. ಹೊಟ್ಟೆ ತುಂಬದವನ ಮುಂದೆ ಬೇರೆ ಉತ್ತರವನ್ನು ಹೇಳುವದು ನಿರ್ದಯತನವೇ ಸರಿ. ಆದರೂ ಸಮನಾದ ಸಂಪಾದನೆಯುಳ್ಳ ಇಬ್ಬರಲ್ಲಿ ಒಬ್ಬನು ಬೆಳಗಾದೊಡನೆ ಹುರುಪಿನಿಂದ ಕೆಲಸಕ್ಕೆ ಹೊರಡುತ್ತಾನೆ. ಇನ್ನೊಬ್ಬನು ನೊಗಕ್ಕೆ ಕೊರಳೊಡ್ಡುವ ಎತ್ತಿನಂತೆ ಹೊರಡುತ್ತಾನೆ. ಈ ಭೇದದ ಕಾರಣವನ್ನು ಕೆಲಸದ ಏರ್ಪಾಡಿನಲ್ಲಿ ಹುಡುಕಬೇಕಾಗುವದು. ಭಟ್ಕಳ, ಹೊನ್ನಾವರ, ಕುಮಟೆಗಳ ಕಡಲಂಚಿನಲ್ಲಿ ಒಂದು ತಲೆಮಾರಿನೊಳಗೆ ನಡೆದ ಮಾರ್ಪಾಡು ಈ ವಿಚಾರಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಈ ತೀರದ ಖಾರ್ವಿ, ಹರಿಕಾಂತ, ಮೊಗೇರ ಮೊದಲಾದ ಜನರ ಬಾಳಿಗೆ 1970ರ ದಶಕದ ವರೆಗೆ ರಂಪಣಿ ಬಲೆಯು ದೊಡ್ಡ ಆಧಾರವಾಗಿತ್ತು. ಮಳೆಗಾಲ ಕಳೆದು ಬಂಗಡೆ, ತಾರ್ಲೆಗಳ ಹಿಂಡು ದಡದ ಸಮೀಪಕ್ಕೆ ಬಂದಾಗ ದೋಣಿಯವರು ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಡುತ್ತ ಅದನ್ನು ಸುತ್ತುಗಟ್ಟುತ್ತಿದ್ದರು. ಎರಡೂ ತುದಿಯ ಹಗ್ಗಗಳನ್ನು ದಡದಲ್ಲಿ ನಿಂತವರು ಎಳೆಯುತ್ತಿದ್ದರು. ಹತ್ತಾರು ಜನರ ತೋಳು ಒಂದಾಗದೆ ಆ ಬಲೆಯು ಅಲುಗುತ್ತಿರಲಿಲ್ಲ. ಬಂದ ಮೀನಿನಲ್ಲಿ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಮೈದುಡಿಮೆಗೆ ಇಷ್ಟು ಎಂದು ಪಾಲುಗಳು ಏರ್ಪಟ್ಟಿದ್ದವು. ಹಗ್ಗಕ್ಕೆ ಕೈ ಹಾಕಿದ ದಾರಿಹೋಕನೂ ಬರಿಗೈಯಿಂದ ಮರಳುತ್ತಿರಲಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಮೀನಿನ ರಾಶಿಯು ಎಲ್ಲರ ಕಣ್ಣೆದುರಿನಲ್ಲಿಯೇ ಬೀಳುತ್ತಿತ್ತು. ಎಷ್ಟು ಬಂತು, ಯಾರಿಗೆ ಎಷ್ಟು ಹೋಯಿತು ಎಂಬುದನ್ನು ಓದುಬರಹವಿಲ್ಲದವನೂ ಬಲ್ಲವನಾಗಿದ್ದನು. ಅಪ್ಪಣೆ ಕೊಡುವ ತಾಂಡೇಲನೂ ಅದೇ ಉಪ್ಪುನೀರಿನಲ್ಲಿ ನಿಂತವನು. ಬಲೆ ಬರಿದಾಗಿ ಬಂದ ದಿನ ಅವನ ಮನೆಯ ಒಲೆಯೂ ತಣ್ಣಗಿರುತ್ತಿತ್ತು. ಆದುದರಿಂದ ಅವನ ಗದರಿಕೆಯು ಕೇಳುವವರಿಗೆ ಅವಮಾನವೆಂದು ತೋರುತ್ತಿರಲಿಲ್ಲ.

ಹೀಗೆಂದು ಆ ಕಾಲವನ್ನು ಸತ್ಯಯುಗವೆಂದು ಬಣ್ಣಿಸುವದು ಸಲ್ಲದು. ಬಡತನವು ಕಠಿಣವಾಗಿತ್ತು, ಸಾಲ ಕೊಟ್ಟವನ ಹಿಡಿತ ಬಿಗಿಯಾಗಿತ್ತು. ಬುಟ್ಟಿ ಹೊತ್ತು ಹಳ್ಳಿಹಳ್ಳಿಗೆ ಮೀನು ಮಾರಿ ಬರುತ್ತಿದ್ದ ಹೆಂಗಸರಿಗೆ ಬಲೆಯ ಮಾತುಕತೆಯಲ್ಲಿ ಸ್ಥಾನವಿರಲಿಲ್ಲ. ಹಸಿವನ್ನು ಸಮನಾಗಿ ಹಂಚಿಕೊಂಡ ಮಾತ್ರಕ್ಕೆ ಅದು ಸುಖವಾಗಲಾರದು.

1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ದೋಣಿಗಳು ಬಂದವು. ದಡಕ್ಕೆ ಬರಬೇಕಾದ ಹಿಂಡನ್ನು ಅವು ಆಳದಲ್ಲಿಯೇ ಸುತ್ತುಗಟ್ಟಿದವು. ಕೆಲವೇ ವರ್ಷಗಳಲ್ಲಿ ರಂಪಣಿಯ ವೈಭವವು ಮುಗಿಯಿತು. ಯಂತ್ರವು ಬಂದುದು ಕೇಡೇ ಎನ್ನುವಂತಿಲ್ಲ. ಅದು ತೋಳುಗಳ ಶ್ರಮವನ್ನು ಇಳಿಸಿತು, ಎಷ್ಟೋ ಮನೆಗಳ ಮಕ್ಕಳನ್ನು ಶಾಲೆಗೆ ಕಳಿಸಿತು. ಈಗ ತದಡಿ, ಹೊನ್ನಾವರ, ಭಟ್ಕಳಗಳ ಬಂದರುಗಳಿಂದ ಹೊರಡುವ ಯಂತ್ರದೋಣಿಗಳಲ್ಲಿ ದೂರದ ರಾಜ್ಯಗಳಿಂದ ಬಂದ ಕೆಲಸಗಾರರೂ ಇದ್ದಾರೆ. ಅನೇಕ ದೋಣಿಗಳಲ್ಲಿ ಪಾಲಿನ ಪದ್ಧತಿಯೇ ನಡೆದಿದೆ. ಆದರೆ ಡೀಸೆಲ್, ಮಂಜುಗಡ್ಡೆ, ಊಟ, ದುರಸ್ತಿಗಳ ವೆಚ್ಚವನ್ನು ಕಳೆದ ಮೇಲೆ ಉಳಿದುದರಲ್ಲಿ ಪಾಲು. ಆ ಲೆಕ್ಕವು ಮರಳಿನ ಮೇಲಿನ ರಾಶಿಯಲ್ಲ, ಪುಸ್ತಕದಲ್ಲಿ ಇರುವದು. ಆ ಪುಸ್ತಕವನ್ನು ಕೇಳಿ ನೋಡುವ ಧೈರ್ಯವು, ಭಾಷೆಯೂ ಬಾರದ ಪರದೇಶಿಗೆ ಎಲ್ಲಿಂದ ಬರಬೇಕು? ದೋಣಿಯ ಒಡೆಯನೂ ಸಾಲದ ಹೊರೆಯಿಂದ ನಿದ್ರೆಗೆಟ್ಟವನಿರಬಹುದು. ಆದರೆ ಅವನ ಚಿಂತೆಯು ಇವನಿಗೆ ಕಾಣದು, ಇವನ ಸಂಶಯವು ಅವನಿಗೆ ತಿಳಿಯದು. ಪಾಲು ಎಂಬ ಹೆಸರು ಉಳಿದರೂ ಪಾಲುಗಾರನು ಆಳಾಗುವದು ಇಂಥ ಸ್ಥಳದಲ್ಲಿಯೇ.

ಪಾಶ್ಚಾತ್ಯ ದೇಶಗಳಲ್ಲಿ ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ್ದುಂಟು. ಅಮೇರಿಕೆಯ ಚಿಕಾಗೋ ಸಮೀಪದ ಹಾಥಾರ್ನ್ ಕಾರಖಾನೆಯಲ್ಲಿ 1924ರಿಂದ 1932ರ ವರೆಗೆ ನಡೆದ ಪ್ರಯೋಗಗಳು ದೀಪದ ಬೆಳಕನ್ನು ಹೆಚ್ಚುಕಡಿಮೆ ಮಾಡಿ ನೋಡುವದರಿಂದ ಮೊದಲಾದವು. ಕೆಲಸದ ಹೆಚ್ಚಳಕ್ಕೆ ಬೆಳಕಿಗಿಂತಲೂ ಕೆಲಸಗಾರರ ಪರಸ್ಪರ ಸಂಬಂಧ ಮತ್ತು ಅವರ ಕಡೆಗೆ ತೋರಿಸಿದ ಲಕ್ಷ್ಯವೇ ಕಾರಣವೆಂದು ಎಲ್ಟನ್ ಮೇಯೋ ಮೊದಲಾದವರು ನಿರ್ಣಯಿಸಿದರು. ಈ ನಿರ್ಣಯವನ್ನು ಮುಂದಿನ ವಿದ್ವಾಂಸರು ಆಕ್ಷೇಪಿಸದೆ ಇಲ್ಲ. ಅದು ನಿಜವೆಂದೇ ಇಟ್ಟುಕೊಂಡರೂ ಒಂದು ನೀತಿಯ ಪ್ರಶ್ನೆಯು ಉಳಿಯುವದು. ಹೆಚ್ಚು ಕೆಲಸ ತೆಗೆಯುವದಕ್ಕಾಗಿ ತೋರಿಸಿದ ಆದರವು ಗಾಲಿಗೆ ಹಚ್ಚಿದ ಎಣ್ಣೆಯಲ್ಲವೇ? ಎಣ್ಣೆಯಿಂದ ಕಿರುಗುಟ್ಟುವ ಸದ್ದು ನಿಲ್ಲುವದು, ಹೊರೆಯು ಇಳಿಯಲಾರದು. ಸಿಹಿಮಾತಿನ ಒಡೆಯನು ಲೆಕ್ಕವನ್ನು ಮುಚ್ಚಿಟ್ಟರೆ ಆ ಸಿಹಿಯು ಬಹುಕಾಲ ಉಳಿಯದು. ಗದರುವ ತಾಂಡೇಲನು ನಷ್ಟದಲ್ಲಿ ಜೊತೆಗೆ ನಿಂತರೆ ಆ ಗದರಿಕೆಯನ್ನು ಜನರು ಮರೆಯುವರು.

ಆದುದರಿಂದ ದುಡಿಯುವವರ ಸಮಾಧಾನವನ್ನು ನೇರವಾಗಿ ತಯಾರಿಸಹೊರಡುವದು ವ್ಯರ್ಥ. ಅದು ನ್ಯಾಯದ ಹಿಂದೆ ತಾನಾಗಿ ನಡೆದು ಬರತಕ್ಕುದು. ಲೆಕ್ಕವು ತೆರೆದಿರಬೇಕು, ನಿರ್ಧಾರಕ್ಕೆ ಮುಂಚೆ ದುಡಿಯುವವನ ಮಾತಿಗೆ ಕಿವಿಯಿರಬೇಕು, ಕೆಟ್ಟ ದಿನದ ಭಾರದಲ್ಲಿ ಮೇಲಿನವನಿಗೂ ಭಾಗವಿರಬೇಕು. ಈ ಮಾತು ಬಂದರಿಗೆ ಮಾತ್ರ ಸಲ್ಲುವದಲ್ಲ. ಕಚೇರಿಯ ಮುಖ್ಯಸ್ಥನಿಗೂ, ಶಾಲೆಯ ಆಡಳಿತದವರಿಗೂ, ಮನೆಗೆಲಸಕ್ಕೆ ಒಬ್ಬಳನ್ನು ಇಟ್ಟುಕೊಂಡ ಗೃಹಸ್ಥನಿಗೂ ಸಲ್ಲುವದು. ರಂಪಣಿಯು ಮರಳಿ ಬರಲಾರದು, ಬರಬೇಕೆಂದೂ ಇಲ್ಲ. ಆದರೆ ಎಲ್ಲರೆದುರಿಗೆ ರಾಶಿ ಹಾಕಿ ಹಂಚುವ ಆ ಪದ್ಧತಿಯನ್ನು ಪುಸ್ತಕದ ಲೆಕ್ಕಕ್ಕೂ ತರಲು ಯಂತ್ರವು ಯಾವ ಅಡ್ಡಿಯನ್ನೂ ಮಾಡಿಲ್ಲ.