ಕೈಲಾಸಯಾತ್ರೆಗೆ ಹೊರಡುವ ಮುನ್ನ

॥ ಶ್ರೀಹರಿವಾಯುಗುರುಭ್ಯೋ ನಮಃ ॥



ನಮ್ಮ ದೇವಸ್ಥಾನದ ಭಕ್ತರಲ್ಲಿ ಕೆಲವರು ಬರುವ ಜ್ಯೇಷ್ಠಮಾಸದಲ್ಲಿ ಕೈಲಾಸ-ಮಾನಸಸರೋವರ ಯಾತ್ರೆಯನ್ನು ಕೈಗೊಳ್ಳಲು ಸಂಕಲ್ಪಿಸಿರುವರು. 2020ರಿಂದ ನಿಂತುಹೋಗಿದ್ದ ಭಾರತ ಸರ್ಕಾರದ ಯಾತ್ರೆಯು 2025ರಲ್ಲಿ ಲಿಪುಲೇಖ ಮತ್ತು ನಾಥುಲಾ ಕಣಿವೆಗಳ ಮಾರ್ಗವಾಗಿ ಪುನಃ ಆರಂಭವಾದುದು ಅನೇಕರ ಮನಸ್ಸಿನಲ್ಲಿ ಹಳೆಯ ಆಸೆಯನ್ನು ಚಿಗುರಿಸಿದೆ. ನೇಪಾಳದ ಮಾರ್ಗವಾಗಿ ಯಾತ್ರಾಸಂಸ್ಥೆಗಳೊಡನೆ ಹೋಗುವವರೂ ಉಂಟು. ಇವರೆಲ್ಲರೂ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಏನೇನು ಕಟ್ಟಿಕೊಂಡು ಹೋಗಬೇಕು?" ಒಮ್ಮೆ ಆ ದಾರಿಯನ್ನು ತುಳಿದು, ಪೆಟ್ಟು ತಿಂದು, ಪಾಠ ಕಲಿತು ಬಂದವರಾದ ಕಾರಣ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ವೈಷ್ಣವರಿಗೆ ಕೈಲಾಸವೇಕೆ ಎಂದು ಶಂಕಿಸುವವರಿಗೆ ಮೊದಲು ಒಂದು ಮಾತು. ರುದ್ರದೇವರು ನಮ್ಮ ಸಿದ್ಧಾಂತದಲ್ಲಿ ಮನೋಭಿಮಾನಿ ದೇವತೆ, ವೈಷ್ಣವಾಗ್ರೇಸರರು. ಹರಿಯಲ್ಲಿ ಮನಸ್ಸು ನಿಲ್ಲಬೇಕಾದರೆ ಆ ಮನಸ್ಸಿನ ನಿಯಾಮಕರ ಅನುಗ್ರಹ ಬೇಕು. ಅವರ ಸನ್ನಿಧಿಗೆ ಹೋಗಿ ಹರಿಭಕ್ತಿಯನ್ನು ಬೇಡುವುದು ತಾರತಮ್ಯಕ್ಕೆ ಅನುಗುಣವೇ ಹೊರತು ವಿರುದ್ಧವಲ್ಲ.

ಇನ್ನು ಕಟ್ಟುವ ವಿಚಾರ. ಮಹಾಭಾರತದ ವನಪರ್ವವನ್ನು ನೋಡಿರಿ. ತೀರ್ಥಯಾತ್ರೆಗೆ ಹೊರಟ ಧರ್ಮರಾಜನಿಗೆ ಲೋಮಶ ಮಹರ್ಷಿಗಳು ಮಾಡಿದ ಉಪದೇಶ "ಹಗುರವಾಗು" ಎಂಬುದು. ಆ ಮಾತಿನಂತೆ ಧರ್ಮರಾಜನು ಹಸಿವು, ಬಾಯಾರಿಕೆ, ದಾರಿಯ ಬಳಲಿಕೆ, ಚಳಿಗಳನ್ನು ತಾಳಲಾರದವರು ಹಿಂದಿರುಗಲೆಂದೂ, ಮೃಷ್ಟಾನ್ನವನ್ನು ಬಯಸಿ ಅಡಿಗೆಯವರ ಬೆನ್ನು ಹತ್ತಿದವರು ನಿಲ್ಲಲೆಂದೂ ಹೇಳಿ ಪರಿವಾರವನ್ನು ಕರಗಿಸಿದನು. ಮುಂದೆ ಗಂಧಮಾದನವನ್ನು ಏರುವ ಮೊದಲು ಹಿಮಾಲಯದ ತಪ್ಪಲಿನ ಕುಲಿಂದರಾಜನ ಬಳಿ ಸೇವಕರನ್ನೂ ಅಡಿಗೆಯವರನ್ನೂ ದ್ರೌಪದೀದೇವಿಯ ಸಾಮಾನನ್ನೂ ಒಪ್ಪಿಸಿ, ಪಾಂಡವರು ಕಾಲ್ನಡಿಗೆಯಲ್ಲಿ ಹೊರಟರು. ಆದ್ದರಿಂದ ಯಾತ್ರಿಕನು ಮೊದಲು ಬರೆಯಬೇಕಾದುದು ಒಯ್ಯುವ ವಸ್ತುಗಳ ಪಟ್ಟಿಯಲ್ಲ, ಬಿಟ್ಟುಹೋಗುವ ವಸ್ತುಗಳ ಪಟ್ಟಿ.

ಮನೆಯ ಸಾಲಿಗ್ರಾಮವನ್ನೂ ಪ್ರತಿಮೆಗಳನ್ನೂ ಒಯ್ಯಲೇಬೇಡಿರಿ. ಹೆಪ್ಪುಗಟ್ಟುವ ಚಳಿಯಲ್ಲಿ, ಪರರ ಅಡಿಗೆಯ ಮಧ್ಯೆ, ನಿತ್ಯಪೂಜೆ ನೈವೇದ್ಯಗಳು ಸಾಗುವುದಿಲ್ಲ; ಲೋಪವಾದರೆ ಆ ಕೊರಗು ಬೇರೆ. ಸೋದರರಿಗೋ ಯೋಗ್ಯರಾದ ಬಂಧುಗಳಿಗೋ ಒಪ್ಪಿಸಿ ಹೊರಡುವುದು ಕ್ಷೇಮ. ಚಿಕ್ಕ ಪಂಚಪಾತ್ರೆ, ಉದ್ಧರಣೆ, ಗೋಪೀಚಂದನ, ಮುದ್ರೆ, ಜಪಮಾಲೆ, ಒಂದು ಸ್ತೋತ್ರಪುಸ್ತಕ, ಇಷ್ಟು ಸಂಧ್ಯಾವಂದನೆಗೂ ಪಾರಾಯಣಕ್ಕೂ ಸಾಕು. ಇವನ್ನು ಬೇರೆಯೇ ಒಂದು ಸಣ್ಣ ಚೀಲದಲ್ಲಿ ಇಟ್ಟುಕೊಳ್ಳಿರಿ.

ಮಡಿಯ ವಿಷಯದಲ್ಲಿ ಹಿರಿಯರು ಬಹಳ ಚಿಂತಿಸುವರು. ಹತ್ತಿಯ ಬಟ್ಟೆ ಒದ್ದೆಯಾದರೆ ಅಲ್ಲಿ ಒಣಗುವುದಿಲ್ಲ. ಮೈಯ ಕಾವನ್ನು ಹೀರಿಬಿಡುವುದು. ಉಣ್ಣೆಯಾದರೋ ತುಸು ಒದ್ದೆಯಾದರೂ ಬೆಚ್ಚಗಿಡುವುದು. ನಮ್ಮ ಹಿರಿಯರು ಧಾಬಳಿಯನ್ನು ಮಡಿಗೆ ಬಳಸುತ್ತ ಬಂದವರೇ ಅಲ್ಲವೇ? ಆದ್ದರಿಂದ ಮೈಗೆ ತಗುಲಿ ಉಣ್ಣೆಯ ಒಳಉಡುಪು, ಅದರ ಮೇಲೆ ದಪ್ಪ ಸ್ವೆಟರು, ಎಲ್ಲಕ್ಕೂ ಹೊರಗೆ ಗಾಳಿಯನ್ನೂ ಮಳೆಯನ್ನೂ ತಡೆಯುವ ಕೋಟು, ಹೀಗೆ ಮೂರು ಪದರ ಇರಲಿ. ಒಂದೇ ದಪ್ಪ ಕೋಟಿಗಿಂತ ಇದು ಮೇಲು; ಏರುವಾಗ ಬೆವರಿದರೆ ಒಂದನ್ನು ಕಳಚಬಹುದು, ನಿಂತಾಗ ಧರಿಸಬಹುದು. ಎರಡು ಜೊತೆ ಕೈಗವಸು, ಕಿವಿ ಮುಚ್ಚುವ ಟೋಪಿ, ಹಿಮದ ಬೆಳಕು ಕಣ್ಣನ್ನು ಸುಡದಂತೆ ಕಪ್ಪು ಕನ್ನಡಕ, ತುಟಿಗೂ ಮುಖಕ್ಕೂ ಲೇಪ, ಊರುಗೋಲು, ತಲೆಗೆ ಕಟ್ಟುವ ಟಾರ್ಚು, ಬಿಸಿನೀರಿನ ಫ್ಲಾಸ್ಕು ಇವು ಅಗತ್ಯ. ಚಳಿಗೆ ಬ್ಯಾಟರಿಯ ಶಕ್ತಿ ಕುಂದುವುದರಿಂದ ಅದನ್ನು ರಾತ್ರಿ ಹೊದಿಕೆಯೊಳಗೆ ಇಟ್ಟುಕೊಳ್ಳಬೇಕು. ಬೂಟುಗಳನ್ನು ಎರಡು ತಿಂಗಳು ಮೊದಲೇ ಕೊಂಡು ಊರಿನಲ್ಲಿ ತೊಟ್ಟು ನಡೆದು ಹದಮಾಡಬೇಕು. ಹೊಸ ಬೂಟು ಕೊಟ್ಟ ಗುಳ್ಳೆಯೊಡನೆ ಪರಿಕ್ರಮ ಮಾಡಿದವರ ಸಂಕಟವನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಆಹಾರದಲ್ಲಿ ನಿಯಮವುಳ್ಳವರು ತಿಳಿಯಬೇಕಾದ ಒಂದು ಸಂಗತಿಯಿದೆ. ಮೇಲೇರಿದಂತೆ ವಾಯುವಿನ ಒತ್ತಡ ಇಳಿದು ನೀರು ಕಡಿಮೆ ಶಾಖದಲ್ಲೇ ಕುದಿಯುವುದು. ಸಮುದ್ರಮಟ್ಟದಿಂದ ಸುಮಾರು 4,590 ಮೀಟರ್ ಎತ್ತರದ ಮಾನಸಸರೋವರದ ದಡದಲ್ಲಿ ಅದು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ, ಕುಕ್ಕರಿಲ್ಲದೆ ಬೇಳೆ ಬೇಯದು. ಬೇಯಿಸುವ ಅಗತ್ಯವಿಲ್ಲದ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಬೆಲ್ಲ, ಒಣದ್ರಾಕ್ಷಿ ಇವು ಅಲ್ಲಿ ಪರಮಾನ್ನ. ಈರುಳ್ಳಿ ಬೆಳ್ಳುಳ್ಳಿ ವರ್ಜ್ಯವೆಂಬುದನ್ನು ಯಾತ್ರಾಸಂಸ್ಥೆಯವರಿಗೆ ಹೊರಡುವ ಮೊದಲೇ ಬರೆದು ತಿಳಿಸಿರಿ.

ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಿಗೆ ಕಡಿಮೆಯಿಲ್ಲದ ಅವಧಿ ಇರಬೇಕು. ಟಿಬೆಟ್ಟಿಗೆ ವಿದೇಶೀಯರು ಒಬ್ಬಂಟಿಯಾಗಿ ಹೋಗುವಂತಿಲ್ಲ. ಗುಂಪಿನ ಅನುಮತಿಪತ್ರದೊಡನೆ ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ಭಾರತ ಸರ್ಕಾರದ ಯಾತ್ರೆಗೆ 18ರಿಂದ 70ರ ವಯೋಮಿತಿ ಇದ್ದು, ದೆಹಲಿಯಲ್ಲಿ ಮೊದಲು ವೈದ್ಯಪರೀಕ್ಷೆ, ದಾರಿಯಲ್ಲಿ ಮತ್ತೊಮ್ಮೆ ಪರೀಕ್ಷೆ ನಡೆಯುವುದು. ಇದನ್ನು ಕಿರುಕುಳವೆಂದು ಎಣಿಸಬಾರದು. ನಿತ್ಯದ ಔಷಧಗಳನ್ನು ಎರಡು ಪಾಲು ಒಯ್ದು ಎರಡು ಬೇರೆ ಚೀಲಗಳಲ್ಲಿ ಇಡಿರಿ. ಎತ್ತರದ ಬಾಧೆಗೆ ಮುನ್ನೆಚ್ಚರಿಕೆಯಾಗಿ ಕೊಡುವ ಮಾತ್ರೆಯೊಂದಿದೆ. ಅದು ಎಲ್ಲರಿಗೂ ಒಗ್ಗದು. ವೈದ್ಯರನ್ನು ಕೇಳದೆ ನುಂಗಬೇಡಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದುದಕ್ಕೆ ಬರೋಣ. 3,000 ಮೀಟರಿನ ಮೇಲೆ ಹೋದ ಬಳಿಕ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎಂಬುದು ವೈದ್ಯರ ನಿಯಮ. ನೇಪಾಳಗಂಜ್ ಬಯಲುಸೀಮೆಯ ಊರು. ಅಲ್ಲಿಂದ ವಿಮಾನದಲ್ಲಿ ಸುಮಾರು 2,900 ಮೀಟರಿನ ಸಿಮಿಕೋಟಿಗೆ, ಹೆಲಿಕಾಪ್ಟರಿನಲ್ಲಿ ಗಡಿಯ ಹಿಲ್ಸಾಕ್ಕೆ, ಅಲ್ಲಿಂದ ವಾಹನದಲ್ಲಿ ಸುಮಾರು 3,900 ಮೀಟರಿನ ತಕ್ಲಾಕೋಟಿಗೆ ಕೆಲವೇ ದಿನಗಳಲ್ಲಿ ಸೇರುವಾಗ ಕಾಲಿಗೆ ಶ್ರಮವಿಲ್ಲ; ಆದರೆ ದೇಹಕ್ಕೆ ಹೊಂದಿಕೊಳ್ಳಲು ಕಾಲಾವಕಾಶವೂ ಇಲ್ಲ. ಆದ್ದರಿಂದ ದಿನ ಹೆಚ್ಚಾದರೂ, ಹಣ ಹೆಚ್ಚಾದರೂ, ನಡುವೆ ತಂಗುವ ರಾತ್ರಿಗಳು ಹೆಚ್ಚಿರುವ ಯಾತ್ರೆಯನ್ನೇ ಆರಿಸಿರಿ. ಮುಂದೆ ಸುಮಾರು 52 ಕಿಲೋಮೀಟರಿನ, ಮೂರು ದಿನದ ಪರಿಕ್ರಮದಲ್ಲಿ ಡೋಲ್ಮಾ ಕಣಿವೆ ಸುಮಾರು 5,630 ಮೀಟರ್. ಅಲ್ಲಿ ಉಸಿರಿಗೆ ದೊರೆಯುವುದು ಕಡಲತೀರದಲ್ಲಿ ದೊರೆಯುವುದರ ಅರ್ಧದಷ್ಟೇ. ಯುವಕನೆಂಬ, ವ್ಯಾಯಾಮಪಟುವೆಂಬ ಭೇದ ಆ ಬಾಧೆಗಿಲ್ಲ.

2019ರಲ್ಲಿ ನಾವು ನಮ್ಮ ತೀರ್ಥರೂಪರೊಡನೆ ಈ ಮಾರ್ಗವಾಗಿಯೇ ಹೋಗಿದ್ದೆವು. ನಲವತ್ತು ವರ್ಷ ದೇವರ ಪೂಜೆ ಮಾಡಿದ ಅವರಿಗೆ ಇದು ಜೀವಮಾನದ ಆಸೆ. ಜ್ಯೇಷ್ಠ ಬಹುಳ ಏಕಾದಶಿ ತಕ್ಲಾಕೋಟಿನಲ್ಲಿ ಬಂದಿತು. ಅವರು ಎಂದಿನಂತೆ ನೀರನ್ನೂ ಮುಟ್ಟದೆ ಉಪವಾಸವಿದ್ದರು. ದ್ವಾದಶಿಯ ಪಾರಣೆಯಲ್ಲಿ ಎರಡು ತುತ್ತಿಗಿಂತ ಹೆಚ್ಚು ಹೋಗಲಿಲ್ಲ. ಮಾನಸಸರೋವರದ ದಡದಲ್ಲಿ ಆ ರಾತ್ರಿ ತಲೆನೋವು, ವಾಂತಿ. ಬೆಳಿಗ್ಗೆ ನಮ್ಮ ಕೈ ಹಿಡಿದು, "ಮಗೂ, ಯಾರಿಗೂ ಹೇಳಬೇಡ. ಇಷ್ಟು ದೂರ ಬಂದು ಹಿಂದೆ ಹೋದರೆ ನನ್ನ ಜನ್ಮ ವ್ಯರ್ಥ" ಎಂದರು. ಮಾರ್ಗದರ್ಶಿ ಬಂದು ವಿಚಾರಿಸಿದಾಗ, "ಉಪವಾಸದ ಆಯಾಸ, ಅಷ್ಟೆ" ಎಂದು ನಾವೇ ಉತ್ತರ ಕೊಟ್ಟೆವು. ಪಿತೃವಾಕ್ಯಪರಿಪಾಲನೆಯೆಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಅದು ಸುಳ್ಳು, ಮಾತ್ರವಲ್ಲ, ಪ್ರಾಣಾಪಾಯದ ಸುಳ್ಳು.

ಆಚಮನಕ್ಕೆ ತಂದ ನೀರು ಅವರ ಕೈಯಿಂದ ಚೆಲ್ಲಿದುದನ್ನು ಆ ಮಾರ್ಗದರ್ಶಿ ದೂರದಿಂದ ಗಮನಿಸಿದನು. ಹತ್ತಿರ ಬಂದು, ಒಂದು ಪಾದದ ಬೆರಳಿಗೆ ಮತ್ತೊಂದು ಪಾದದ ಹಿಮ್ಮಡಿ ತಾಗಿಸಿ ನೇರವಾಗಿ ನಡೆಯುವಂತೆ ಕೈಮುಗಿದು ಕೇಳಿದನು. ಅವರು ಮೂರನೆಯ ಹೆಜ್ಜೆಗೆ ತೂರಾಡಿ ಕುಸಿದರು. ಅರ್ಧ ಗಂಟೆಯೊಳಗೆ ಆಮ್ಲಜನಕ ಕೊಟ್ಟು, ಜೀಪಿನಲ್ಲಿ ಕೆಳಗಿಳಿಸಲು ಹೊರಟೇಬಿಟ್ಟರು. ತೀರ್ಥರೂಪರು ನಮ್ಮ ಮುಖವನ್ನು ನೋಡಲೂ ಒಪ್ಪಲಿಲ್ಲ. ಕಾಠ್ಮಂಡುವಿನ ವೈದ್ಯರು, ಮಿದುಳಿನಲ್ಲಿ ಬಾವು ಆರಂಭವಾಗಿತ್ತೆಂದೂ ಇನ್ನೊಂದು ರಾತ್ರಿ ಮೇಲೆ ಕಳೆದಿದ್ದರೆ ಉಳಿಸುವುದು ಕಷ್ಟವಿತ್ತೆಂದೂ ಹೇಳಿದರು. ಹರಿಕೃಪೆಯಿಂದ ಗುಣವಾಯಿತು. ಆದರೆ ಪರಿಕ್ರಮ ಕೈಗೂಡಲಿಲ್ಲ. ಊರಿಗೆ ಬಂದ ಮೇಲೆ ಬಹುಕಾಲ ಅವರು ಆ ಯಾತ್ರೆಯ ಹೆಸರನ್ನೇ ಎತ್ತಲಿಲ್ಲ.

ಮರುವರ್ಷ ಮನೆಯಲ್ಲಿ ಸುಮಧ್ವವಿಜಯದ ಪಾರಾಯಣ ನಡೆಯುತ್ತಿತ್ತು. ಆಚಾರ್ಯರ ಬದರೀಪ್ರಯಾಣದ ಪ್ರಸಂಗ ಬಂದಿತು. ಶ್ರೀಮದಾಚಾರ್ಯರು ಶಿಷ್ಯರನ್ನು ಹಿಂದೆ ಉಳಿಸಿ ವ್ಯಾಸಾಶ್ರಮಕ್ಕೆ ಒಬ್ಬರೇ ಹೊರಟಾಗ, ಸತ್ಯತೀರ್ಥರು ವಿರಹವನ್ನು ತಾಳಲಾರದೆ ಬೆನ್ನು ಹತ್ತಿದರು. ಬೆಟ್ಟದಿಂದ ಬೆಟ್ಟಕ್ಕೆ ಸಾಗುವ ಗುರುಗಳನ್ನು ಅನುಸರಿಸಲು ಅವರಿಂದಾಗಲಿಲ್ಲ. ಆಚಾರ್ಯರು ತಿರುಗಿ ನೋಡಿ ಕೈಬೀಸಿದರು. ಸತ್ಯತೀರ್ಥರು ಕ್ಷೇಮವಾಗಿ ಬಂದಲ್ಲಿಗೇ ಮರಳಿದರು. ಇಲ್ಲಿಗೆ ಬರುವಾಗ ತೀರ್ಥರೂಪರು ಪುಸ್ತಕವನ್ನು ಮಡಿಲಲ್ಲಿಟ್ಟು ಸುಮ್ಮನಾದರು. ಆಮೇಲೆ ಹೇಳಿದರು: "ಇವರ ಭಕ್ತಿಗೇನು ಕಡಿಮೆಯಿತ್ತೇ? ಆದರೂ ಹಿಂದಿರುಗಬೇಕಾಯಿತು. ಮುಂದೆ ಆಚಾರ್ಯರು ಸೂತ್ರಭಾಷ್ಯವನ್ನು ಹೇಳಿದಾಗ ಬರೆದುಕೊಂಡ ಕೈ ಯಾರದು? ಇವರದೇ. ಅಂದು ಹಿಂದಿರುಗಿದ್ದರಿಂದಲ್ಲವೇ ಆ ಸೇವೆ ದೊರೆತದ್ದು! ನಾನು ಆ ಮಾರ್ಗದರ್ಶಿಯ ಮೇಲೆ ಸಿಟ್ಟು ಮಾಡಬಾರದಿತ್ತು." ಅವರು ನಮ್ಮನ್ನೂ ಕ್ಷಮಿಸಿದರೆಂದು ಅಂದು ತಿಳಿಯಿತು. ಇಂದಿಗೂ ಅವರು ಪ್ರಾತಃಕಾಲ ನಮ್ಮ ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವರು.

ಆದ್ದರಿಂದ ಹೊರಡುವವರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಹಣ ಕಟ್ಟುವ ಮೊದಲು ಪಂಚಾಂಗವನ್ನು ತೆರೆದು, ಏಕಾದಶಿಯು ಕೆಳಗಿನ ಎತ್ತರದಲ್ಲಿ, ವಿಶ್ರಾಂತಿಯ ದಿನ ಬರುವಂತೆ ಯಾತ್ರೆಯ ದಿನಗಳನ್ನು ಗೊತ್ತುಮಾಡಿರಿ. ಎತ್ತರದ ಶುಷ್ಕವಾಯುವಿನಲ್ಲಿ ಉಸಿರಿನ ಮೂಲಕವೇ ದೇಹದ ನೀರು ಬಹಳ ಹೋಗುವುದು. ನೀರಿಲ್ಲದ ದೇಹದ ಬಳಲಿಕೆ ಯಾವುದು, ಎತ್ತರದ ಬಾಧೆ ಯಾವುದು ಎಂದು ಗುರುತಿಸುವುದೇ ಕಷ್ಟವಾಗುವುದು. ಅಶಕ್ತರಿಗೆ ನೀರು, ಹಾಲು, ಹಣ್ಣು, ಔಷಧಗಳ ಅವಕಾಶವನ್ನು ಶಾಸ್ತ್ರವೇ ಇತ್ತಿದೆ. ಸ್ನಾನ ಅಸಾಧ್ಯವಾದಾಗ ಮಂತ್ರಸ್ನಾನವಿದೆ. ಇವುಗಳ ಬಗ್ಗೆ ನಿಮ್ಮ ಗುರುಗಳನ್ನು ಮೊದಲೇ ಕೇಳಿ ಅಪ್ಪಣೆ ಪಡೆದಿರಿ; ಬೆಟ್ಟದ ಮೇಲೆ ನಿಂತು ನಿರ್ಣಯಿಸುವ ಸಂಗತಿಯಲ್ಲ ಅದು. ತಲೆನೋವು, ವಾಂತಿ, ಕುಳಿತಲ್ಲೇ ಏದುಸಿರು, ತೂರಾಟ ಇವನ್ನು ಮುಚ್ಚಿಡಬೇಡಿರಿ. ಜೊತೆಯವರು ಮುಚ್ಚಿಟ್ಟರೆ ನೀವಾದರೂ ಹೇಳಿರಿ. ಇಳಿಯಿರೆಂದು ಮಾರ್ಗದರ್ಶಿ ಹೇಳಿದರೆ ವಾದಿಸದೆ ಇಳಿಯಿರಿ. "ನಾನು ಪೂರೈಸಿ ಬಂದೆ" ಎಂದು ಹೇಳಿಕೊಳ್ಳುವ ಆಸೆಯೇ ಚೀಲದ ಅತಿ ಭಾರವಾದ ವಸ್ತು. ಅದನ್ನು ಮನೆಯಲ್ಲೇ ಬಿಡಿರಿ.

ಮುಖ್ಯಪ್ರಾಣದೇವರು ಪ್ರತಿಯೊಂದು ಜೀವನಲ್ಲಿದ್ದು ದಿನವೊಂದಕ್ಕೆ 21,600 ಶ್ವಾಸಗಳ ರೂಪದಲ್ಲಿ ಹಂಸಮಂತ್ರದ ಜಪವನ್ನು ನಡೆಸುವರೆಂದು ನಮ್ಮ ಹಿರಿಯರು ಉಪದೇಶಿಸಿರುವರು. ಕಡಲತೀರದಲ್ಲಿ ಕುಳಿತ ನಮಗೆ ಅದರ ನೆನಪೇ ಬಾರದು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರಿಗಾಗಿ ಕಾಯಬೇಕಾದ ಆ ಎತ್ತರದಲ್ಲಿ, ಒಂದು ಉಸಿರೂ ನಮ್ಮ ಸ್ವಾಧೀನವಲ್ಲವೆಂದು ತಿಳಿಯುವುದು. ಆ ತಿಳಿವೇ ಯಾತ್ರೆಯ ಫಲ. ಪರಿಕ್ರಮ ಪೂರ್ಣವಾದವನಿಗೂ, ಅರ್ಧಕ್ಕೆ ಮರಳಿದವನಿಗೂ ಅದು ಸಮಾನವಾಗಿ ಲಭಿಸುವುದು. ಉಮಾರಮಣ ರುದ್ರದೇವರು ಯಾತ್ರಿಕರೆಲ್ಲರಿಗೂ ಸನ್ಮತಿಯನ್ನಿತ್ತು, ಕ್ಷೇಮವಾಗಿ ಮನೆಗೆ ಮರಳಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥