ಯಾರ ಸಾಕ್ಷಿ, ಯಾರ ವೆಬ್‌ಸೈಟ್?

ಮಾರ್ಕನ ಸುವಾರ್ತೆ 5ನೇ ಅಧ್ಯಾಯ ತೆಗೆಯಿರಿ. ಫೋನ್‌ನಲ್ಲಿ ತೆಗೆದರೂ ಪರವಾಗಿಲ್ಲ, ಆದ್ರೆ ವಾಟ್ಸಾಪ್ ಮುಚ್ಚಿಬಿಡಿ.

ಕಳೆದ ಭಾನುವಾರ ಆರಾಧನೆ ಮುಗಿಸಿ ಕೆಲವು ಯೌವನಸ್ಥರ ಜೊತೆ ಮಾವಳ್ಳಿಯಿಂದ ಲಾಲ್‌ಬಾಗ್ ಕಡೆಗೆ ನಡೀತಿದ್ದೆ. ಒಬ್ಬ ತಮ್ಮ ಕೇಳಿದ: "ಪಾಸ್ಟರ್, ನನ್ನದೇ ಒಂದು ವೆಬ್‌ಸೈಟ್ ಮಾಡ್ತಿದೀನಿ. ಹಾಡು, ಸಾಕ್ಷಿ, ದೀಕ್ಷಾಸ್ನಾನದ ಫೋಟೋ ಎಲ್ಲಾ ಹಾಕ್ತೀನಿ. ದೇವರ ಕೆಲಸ ತಾನೇ, ಯಾರನ್ನ ಕೇಳ್ಬೇಕು?" ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕಂದ್ರೆ ಹಾಗೆ ಕೇಳದೇ ಹೋಗಿ ನಾನೇ ಒಂದು ಮನೆಗೆ ನೋವು ಕೊಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನದೂ ಒಂದು ಸೈಟ್ ಇತ್ತು. ಒಬ್ಬ ಸಹೋದರಿ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ರು. ಗಂಡನ ಕುಡಿತ, ಸಾಲ, ರಾತ್ರಿಯ ಜಗಳ, ದೇವರು ಬಿಡಿಸಿದ್ದು. ಎಲ್ಲರ ಕಣ್ಣಲ್ಲೂ ನೀರು. ನಾನು ಅದನ್ನ ಬರೆದು, ಅವರ ಕುಟುಂಬದ ಫೋಟೋ ಸಮೇತ ಹಾಕಿದೆ. ಒಂದು ವಾರ ಖುಷಿಯಾಗಿದ್ದೆ. ಆಮೇಲೆ ಅವರ ಮಗನ ಕ್ಲಾಸಿನ ಹುಡುಗರು ಅದನ್ನ ಓದಿದ್ರು. ಹುಡುಗ ಸ್ಕೂಲಿಗೆ ಹೋಗಲ್ಲ ಅಂತ ಕೂತ. ಆ ತಾಯಿ ಬಂದು ಒಂದೇ ಮಾತು ಹೇಳಿದ್ರು: "ಪಾಸ್ಟರ್, ಸಭೆಯಲ್ಲಿ ಹೇಳಿದ್ದು ನಾನು. ಊರಿಗೆಲ್ಲಾ ಹೇಳಿದ್ದು ನೀವು."

ಅವತ್ತೇ ಪೇಜ್ ತೆಗೆದೆ. ಆದ್ರೆ ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಎಷ್ಟು ಫೋನ್‌ಗೆ ಹೋಗಿತ್ತೋ. ಆಡಿದ ಮಾತು, ಒಡೆದ ಮುತ್ತು ಅಂತಾರಲ್ಲ, ಹಾಗೆ.

ಈಗ ವಾಕ್ಯಕ್ಕೆ ಬನ್ನಿ. ಈ ಒಂದೇ ಅಧ್ಯಾಯದಲ್ಲಿ ಮೂರು ಅದ್ಭುತಗಳಿವೆ. ಗೆರಸೇನರ ಸೀಮೆಯವನಿಗೆ ಯೇಸು ಏನು ಹೇಳಿದ್ರು? ಮನೆಗೆ ಹೋಗಿ ನಿನ್ನವರಿಗೆ ತಿಳಿಸು ಅಂದ್ರು. ಅವನ ಕಥೆಯನ್ನ ಅವನೇ ಹೇಳಿದ. 12 ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯನ್ನ ನೋಡಿ. ಯೇಸು ಅವಳ ಕಡೆ ಬೆರಳು ತೋರಿಸಿ ಇವಳ ರೋಗ ಇಂಥದ್ದು ಅನ್ನಲಿಲ್ಲ. ಯಾರು ಮುಟ್ಟಿದ್ದು ಅಂತ ಕೇಳಿ, ಸುತ್ತ ನೋಡಿದ್ರು. ನಡುಗುತ್ತಾ ಬಂದರೂ ಮಾತಾಡಿದ್ದು ಅವಳೇ. ಮೂರನೆಯದು ಯಾಯೀರನ ಮಗಳು, 12 ವರ್ಷದ ಹುಡುಗಿ. ಯೇಸು ಜನರನ್ನೆಲ್ಲಾ ಹೊರಗೆ ಕಳಿಸಿದ್ರು. ಒಳಗೆ ತಂದೆತಾಯಿ ಮತ್ತು ಮೂರು ಜನ ಶಿಷ್ಯರು ಮಾತ್ರ. ಸತ್ತವಳು ಎದ್ದಳು! ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಆದ್ರೂ ಯಾರಿಗೂ ತಿಳಿಸಬೇಡಿ, ಮಗುವಿಗೆ ಊಟ ಕೊಡಿ ಅಂದ್ರು.

"ಹಾಗಾದ್ರೆ ದೀಪವನ್ನ ಮುಚ್ಚಿಡಬೇಕಾ ಪಾಸ್ಟರ್?" ಅಂತ ನೀವು ಕೇಳಬಹುದು. ಬೇಡ. ನಿನ್ನ ದೀಪ ಹಚ್ಚು. ಇನ್ನೊಬ್ಬರ ಗಾಯವನ್ನ ನಿನ್ನ ದೀಪಕ್ಕೆ ಎಣ್ಣೆ ಮಾಡ್ಕೋಬೇಡ.

ದೇಶದ ಕಾನೂನೂ ಇದೇ ದಾರಿಗೆ ಬಂದಿದೆ. ನಮ್ಮ ಬೆಂಗಳೂರಿನಲ್ಲೇ ಇದ್ದ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದ್ರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ಪ್ರಕಾರ 18 ತುಂಬದವರೆಲ್ಲಾ ಮಕ್ಕಳು, ಅವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೊಡೋದು ಎಷ್ಟು ಸುಲಭವೋ, ವಾಪಸ್ ತಗೊಳ್ಳೋದೂ ಅಷ್ಟೇ ಸುಲಭ ಇರಬೇಕು. ಯಾಯೀರನ ಮನೆ ನೆನಪಾಯ್ತಾ?

ಸ್ವಂತ, ಮನೆಯ ಉಪಯೋಗಕ್ಕೆ ಈ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದ್ರೆ ಪ್ರಪಂಚವೆಲ್ಲಾ ನೋಡೋ ಸೈಟನ್ನ ಮನೆ ಅಂತ ಸುಲಭವಾಗಿ ಕರೀಬೇಡಿ. ಕಾನೂನು ಬಿಟ್ಟರೂ ಪ್ರೀತಿ ನಮ್ಮನ್ನ ಬಿಡೋದಿಲ್ಲ.

ಇನ್ನು ಹಾಡು, ಫೋಟೋ. "ಗೂಗಲ್‌ನಲ್ಲಿ ಸಿಕ್ತು" ಅನ್ನೋದು ಅನುಮತಿ ಅಲ್ಲ, ಪ್ರಿಯರೇ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಾಡು ಬರೆದವರ ಹಕ್ಕು ಅವರ ಜೀವಮಾನವಿಡೀ, ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ನೋಂದಣಿ ಮಾಡಿಸದಿದ್ರೂ ಹಕ್ಕು ಹಕ್ಕೇ. ಆರಾಧನೆಯಲ್ಲಿ ಹಾಡೋದಕ್ಕೆ ಕಾಯ್ದೆ ವಿನಾಯಿತಿ ಕೊಟ್ಟಿದೆ. ಅದೇ ಹಾಡಿನ ಸಾಹಿತ್ಯ, ರೆಕಾರ್ಡಿಂಗ್ ತಂದು ನಿಮ್ಮ ಸೈಟ್‌ನಲ್ಲಿ ಇಡೋಕೂ ಅದು ಸಾಕು ಅಂದ್ಕೋಬೇಡಿ. ಎರಡನೇ ಸಮುವೇಲ 24ರಲ್ಲಿ ಅರೌನ ತನ್ನ ಕಣವನ್ನ ದಾವೀದನಿಗೆ ಉಚಿತವಾಗಿ ಕೊಡ್ತೀನಿ ಅಂದ. ಅರಸ ಒಪ್ಪಲಿಲ್ಲ. ಖರ್ಚಿಲ್ಲದ್ದನ್ನ ಕರ್ತನಿಗೆ ಅರ್ಪಿಸಲ್ಲ ಅಂತ 50 ಶೆಕೆಲ್ ಬೆಳ್ಳಿ ಎಣಿಸಿ ಕೊಟ್ಟ. ಅರೌನ ಕೊಡ್ತೀನಿ ಅಂದಿದ್ದ! ನಾವು ಕೊಡ್ತೀನಿ ಅನ್ನದವರದ್ದನ್ನೂ ಎತ್ತಿಕೊಂಡು ಬಂದು ದೇವರ ಮಹಿಮೆಗೆ ಅಂತೀವಿ.

ಆ ತಮ್ಮನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಸೈಟ್ ಮಾಡು, ಒಳ್ಳೇದು. ಮೊದಲು ನಿನ್ನ ಕಥೆ ಬರಿ. ಇನ್ನೊಬ್ಬರದ್ದು ಬರೆಯೋ ಮುಂಚೆ ಒಬ್ಬರೇ ಇದ್ದಾಗ ಕೇಳು, ಸ್ಟೇಜ್ ಮೇಲಿಂದ ಕೇಳಬೇಡ. ಅಲ್ಲಿ "ಬೇಡ" ಅನ್ನೋಕೆ ಯಾರಿಗೂ ಧೈರ್ಯ ಬರಲ್ಲ. ಬರೆದದ್ದನ್ನ ಅವರಿಗೆ ಓದಿಸು. ಅದರಲ್ಲಿ ಗಂಡ, ಮಕ್ಕಳು ಬಂದ್ರೆ ಅವರನ್ನೂ ಕೇಳು. ತೆಗೆದುಹಾಕಿ ಅಂತ ಹೇಳೋಕೆ ಪ್ರತಿ ಪೇಜ್‌ನಲ್ಲೂ ಒಂದು ದಾರಿ ಇಡು. ತೆಗಿ ಅಂದ್ರೆ ಕಾರಣ ಕೇಳದೆ ತೆಗಿ.

ಆ ಹುಡುಗನ ಮುಂದೆ ಕೂತು ನಾನು ಕ್ಷಮೆ ಕೇಳಿದೆ. ಅವನು ತಲೆ ಎತ್ತಿ ನೋಡೋಕೆ ತುಂಬಾ ದಿನ ಬೇಕಾಯ್ತು. ಇವತ್ತು ಅವನು ನಮ್ಮ ಮಧ್ಯೆ ಇದಾನಾ, ಎಲ್ಲಿ ಕೂತಿದಾನೆ ಅಂತ ನಾನು ಹೇಳಲ್ಲ. ಅದನ್ನ ಹೇಳೋದು ಅವನ ಹಕ್ಕು.

ತಲೆ ಬಾಗಿಸೋಣ. ಕರ್ತನೇ, ನಮ್ಮ ಕೈಯಲ್ಲಿರುವ ಫೋನ್‌ಗಳನ್ನೂ ನಮ್ಮ ನಾಲಿಗೆಯ ಹಾಗೇ ಕಾಯಿ. ಯೇಸುವಿನ ನಾಮದಲ್ಲಿ, ಆಮೆನ್.