ಮಿಕ್ಕುದರ ಪಾಕ

ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಎಂದರೆ ಗಾಜಿನ ಬಾಗಿಲುಗಳುಳ್ಳ ಒಂದು ಅಂಗಡಿಯಲ್ಲ. ಊರಿನ ನಡುವೆ ಹಬ್ಬಿಕೊಂಡಿರುವ ಒಂದು ಪೇಟೆಯ ಹೆಸರು ಅದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಕಾಯಿಪಲ್ಯೆ ಮಾರುವ ಹೆಣ್ಣುಮಕ್ಕಳು, ಬೆಳಗಿನಿಂದ ತೂಗಿ ಮಾರಿ ಮಿಕ್ಕ ಬದನೆಕಾಯಿ, ಗಜ್ಜರಿ, ಹೋಳು ಮಾಡಿದ ಕುಂಬಳಕಾಯಿ, ಬಾಡತೊಡಗಿದ ಮೆಂತ್ಯೆ, ಪುಂಡಿಪಲ್ಯೆ ಇವುಗಳನ್ನೆಲ್ಲ ತಕ್ಕಡಿಯ ಗೊಡವೆ ಬಿಟ್ಟು ಗೋಣಿತಟ್ಟಿನ ಮೇಲೆ ಸಣ್ಣ ಸಣ್ಣ ಗುಂಪಿಗಳಾಗಿ ಹಾಕಿ, ಊರಿಗೆ ಹೊರಡುವ ಕಡೆಯ ಬಸ್ಸಿನ ಕಡೆಗೆ ಒಂದು ಕಣ್ಣಿಟ್ಟುಕೊಂಡು, ಕೇಳಿದಷ್ಟಕ್ಕೆ ಕೊಟ್ಟುಬಿಡುತ್ತಾರೆ. ಭಾನುವಾರ ಮನೆಯಲ್ಲಿ ಖಂಡದ ಅಡುಗೆಯಾಗಿ ಎಲುಬು, ನಾಲ್ಕಾರು ತುಣುಕು, ತಳದ ರಸ ಉಳಿದಿರುವಾಗ, ಸೋಮವಾರದ ಸಂಜೆ ಆ ಗುಂಪಿಗಳಲ್ಲೊಂದನ್ನು ಕೊಂಡು ತಂದು, ಜಿಲ್ಲೆಯ ತೊಗರಿಬೇಳೆಯೊಡನೆ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ರಾತ್ರಿಯಿಡೀ ಮಂದವಾದ ಕಾವಿನಲ್ಲಿ ಬೇಯಿಸುವುದು ಅನೇಕ ವರ್ಷಗಳಿಂದ ನನ್ನ ಅಭ್ಯಾಸ. ಈ ಸೀಮೆಯ ಮುಸಲ್ಮಾನರ ಮನೆಗಳಲ್ಲಿ ಬಗಾರಾ ಅನ್ನದೊಡನೆ ಬಡಿಸುವ ದಾಲ್ಚಾ ಇದಕ್ಕೆ ಅತ್ಯಂತ ಹತ್ತಿರದ ಬಂಧು: ಬೇಳೆ, ಎಲುಬಿನ ಖಂಡ, ಸೋರೆಕಾಯಿ, ಹುಣಿಸೆಹುಳಿ ಒಂದರಲ್ಲೊಂದು ಕರಗಿ ಒಂದಾದ ಪದಾರ್ಥ ಅದು.

ಆ ಪಾತ್ರೆಯ ಮುಂದೆ ಕುಳಿತಾಗಲೆಲ್ಲ ನನ್ನನ್ನು ಕಾಡಿದ ಪ್ರಶ್ನೆ ಒಂದುಂಟು. ಒಬ್ಬರು ಉಂಡ ಮೇಲೆ ಮಿಕ್ಕುದನ್ನು ನಮ್ಮ ನುಡಿ ಒಂದು ಕಡೆ ಎಂಜಲೆಂದು ಕರೆದು ದೂರ ತಳ್ಳುತ್ತದೆ, ಮತ್ತೊಂದು ಕಡೆ ಪ್ರಸಾದವೆಂದು ಕರೆದು ಕಣ್ಣಿಗೊತ್ತಿಕೊಳ್ಳುತ್ತದೆ. ವಸ್ತು ಒಂದೇ ಆಗಿರುವಲ್ಲಿ ಈ ಭೇದವು ಎಲ್ಲಿಂದ ಬಂದಿತು?

ಶಾಸ್ತ್ರಗಳನ್ನು ಕೇಳಿದರೆ ಅವು ಒಂದೇ ಮಾತನ್ನು ಹೇಳುವುದಿಲ್ಲ. ಭಗವದ್ಗೀತೆಯ 17ನೆಯ ಅಧ್ಯಾಯವು ಯಾತಯಾಮವನ್ನೂ, ರಸ ಹೋದುದನ್ನೂ, ಹಳಸಿದುದನ್ನೂ, ಉಚ್ಛಿಷ್ಟವನ್ನೂ ತಾಮಸರಿಗೆ ಪ್ರಿಯವಾದ ಆಹಾರವೆಂದು ಎಣಿಸಿದೆ; ಅದೇ ಗೀತೆಯ 3ನೆಯ ಅಧ್ಯಾಯವು ಯಜ್ಞದಲ್ಲಿ ಮಿಕ್ಕುದನ್ನು ಉಣ್ಣುವ ಸಜ್ಜನರು ಪಾಪಗಳಿಂದ ಬಿಡುಗಡೆ ಹೊಂದುವರೆಂದೂ, ತಮಗಾಗಿಯೇ ಅಟ್ಟುಕೊಳ್ಳುವವರು ಪಾಪವನ್ನೇ ಉಣ್ಣುವರೆಂದೂ ಸಾರಿದೆ. ಇವೆರಡಕ್ಕೂ ಹಿಂದಿನದಾದ ಅಥರ್ವವೇದದ 11ನೆಯ ಕಾಂಡದಲ್ಲಿ ಒಂದು ಇಡೀ ಸೂಕ್ತವೇ ಉಚ್ಛಿಷ್ಟವನ್ನು ಕುರಿತದ್ದು. ಅಲ್ಲಿ ನಾಮವೂ ರೂಪವೂ ಲೋಕವೂ ಆ ಶೇಷದಲ್ಲಿಯೇ ನೆಲೆಗೊಂಡಿವೆ. ಆಹುತಿಯಾಗಿ ಹೋದುದಲ್ಲ, ಹೋಗದೆ ಉಳಿದುದೇ ಜಗತ್ತಿಗೆ ಆಧಾರವೆಂದು ಕಂಡ ಆ ಋಷಿಯ ಧೈರ್ಯವನ್ನು ನೆನೆದಾಗ ನನಗೆ ಈಗಲೂ ಮೈ ನವಿರೇಳುತ್ತದೆ.

ಯಾತಯಾಮವೆಂಬ ಶಬ್ದದ ಮೇಲೆ ಸ್ವಲ್ಪ ನಿಲ್ಲಬೇಕು. ಯಾಮವೆಂದರೆ ಮೂರು ಗಂಟೆಯ ಕಾಲ. ಅಟ್ಟು ಒಂದು ಯಾಮ ಕಳೆದ ಅನ್ನ ಯಾತಯಾಮವೆಂಬುದು ರೂಢಿಯ ಅರ್ಥ. ಶಂಕರಾಚಾರ್ಯರಾದರೋ, ಸತ್ತ್ವ ಕಳೆದುಕೊಂಡದ್ದೆಂಬ ಅರ್ಥವು ರಸ ಹೋದುದೆಂಬ ಮುಂದಿನ ಮಾತಿನಲ್ಲಿಯೇ ಬಂದಿರುವುದರಿಂದ, ಇಲ್ಲಿ ಯಾತಯಾಮವೆಂದರೆ ಸರಿಯಾಗಿ ಬೇಯದುದು ಎಂದು ವ್ಯಾಖ್ಯಾನಿಸಿದ್ದಾರೆ. ಯಾವ ಅರ್ಥವನ್ನು ಹಿಡಿದರೂ ಇದರ ಹಿಂದೆ ಉಷ್ಣದೇಶದ ಅನುಭವವೊಂದಿದೆಯೆಂದು ನನಗೆ ತೋರುತ್ತದೆ. ಬೇಸಗೆಯಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಬೆಂದ ಖಂಡವಾಗಲಿ ಬೇಳೆಯಾಗಲಿ 5 ರಿಂದ 60 ಡಿಗ್ರಿಗಳ ನಡುವೆ ಹೊತ್ತುಗಟ್ಟಲೆ ಇದ್ದರೆ ಅದರಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳು ಬೆಳೆಯುತ್ತವೆ. ತಂಗಳನ್ನು ಕುರಿತ ಭಯವು ಕೇವಲ ಮಡಿಯ ಭಯವಾಗಿರಲಿಲ್ಲ. ಆದುದರಿಂದಲೇ, ತಣ್ಣಗಿಟ್ಟಿದ್ದ ಖಂಡವನ್ನು ಮಂದವಾದ ಕಾವಿಗೆ ನೇರವಾಗಿ ಹಾಕದೆ, ಮೊದಲು ದೊಡ್ಡ ಉರಿಯಲ್ಲಿ ಒಂದು ಕುದಿ ಬರಿಸಿ, ಅನಂತರವೇ ಕಾವನ್ನು ಇಳಿಸತಕ್ಕದ್ದು. ಆ ಮೇಲೆ ಪಾತ್ರೆಯು ಆರದೆ ಇರುವವರೆಗೆ ರಾತ್ರಿಯ ನಾಲ್ಕು ಯಾಮಗಳು ಕಳೆದರೂ ಅದು ಯಾತಯಾಮವಾಗುವುದಿಲ್ಲ, ಏಕೆಂದರೆ ಅದರ ಪಾಕವು ಇನ್ನೂ ಮುಗಿದೇ ಇಲ್ಲ. ಸುಮಾರು 70 ಡಿಗ್ರಿಯಿಂದ ಮೇಲಿನ ಮಂದವಾದ ಕಾವಿನಲ್ಲಿ, ಹಲ್ಲಿಗೆ ಬಾರದ ನಾರು-ನರಗಳು ಗಂಟೆಗಳ ಮೇಲೆ ಗಂಟೆ ಕಳೆದಂತೆ ಕರಗಿ ಅಂಟಾದ ರಸವಾಗುತ್ತವೆ. ಅವಸರದ ಉರಿಯಿಂದ ಈ ಕೆಲಸ ಆಗದು.

ಇಂಥ ಮಂದಪಾಕಕ್ಕೆಂದೇ ಈಗ ಬಳಸುವ ವಿದ್ಯುತ್ ಪಾತ್ರೆಯ ಮೂಲವೂ ಒಂದು ಧರ್ಮಾಜ್ಞೆಯಲ್ಲಿದೆಯೆಂಬುದನ್ನು ತಿಳಿದಾಗ ನನಗೆ ಬಹಳ ಸಂತೋಷವಾಯಿತು. ಯೆಹೂದ್ಯರಿಗೆ ಸಬ್ಬತ್ತಿನ ದಿನ ಬೆಂಕಿ ಹೊತ್ತಿಸುವುದು ನಿಷಿದ್ಧ. ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಖಂಡ, ಅವರೆಜಾತಿಯ ಕಾಳು, ಜವೆಗೋಧಿಗಳನ್ನು ಮಡಕೆಯಲ್ಲಿ ಹಾಕಿ ಮುಚ್ಚಿ ಕಾವಿನ ಮೇಲಿಟ್ಟರೆ ಮರುದಿನ ಮಧ್ಯಾಹ್ನ ಬಿಸಿಯಾದ ಊಟ ಸಿದ್ಧವಾಗಿರುತ್ತದೆ. ಅದನ್ನು ಅವರು ಚೋಲೆಂಟ್ ಎನ್ನುತ್ತಾರೆ. ಲಿಥುವೇನಿಯಾದಲ್ಲಿ ಆ ಮಡಕೆಯನ್ನು ಬೇಕರಿಯ ಒಲೆಯಲ್ಲಿಟ್ಟು, ಬೆಂಕಿ ನಂದಿಸಿದ ಮೇಲೆ ಒಲೆಯಲ್ಲಿ ಉಳಿದ ಕಾವಿನಲ್ಲಿಯೇ ರಾತ್ರಿಯೆಲ್ಲ ಬೇಯಿಸುತ್ತಿದ್ದರೆಂದು ತಾಯಿಯಿಂದ ಕೇಳಿದ ಅರ್ವಿಂಗ್ ನ್ಯಾಕ್ಸನ್ ಎಂಬುವರು, ಅಮೆರಿಕದಲ್ಲಿ ಮಂದವಾಗಿ ಬೇಯಿಸುವ ವಿದ್ಯುತ್ ಪಾತ್ರೆಯೊಂದನ್ನು ರೂಪಿಸಿ 1940ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. 1971ರಲ್ಲಿ ಅದು ಕ್ರಾಕ್‌ಪಾಟ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಲಿಥುವೇನಿಯಾದ ಆ ಒಲೆಯಲ್ಲಿ ಕಾವೂ ಶೇಷವೇ ಆಗಿತ್ತೆಂಬುದು ನನ್ನ ಮನಸ್ಸಿನಲ್ಲಿ ನಿಂತಿದೆ. ಊರಿಗೆಲ್ಲ ರೊಟ್ಟಿ ಸುಟ್ಟು ದಣಿದ ಒಲೆಯು ತನ್ನಲ್ಲಿ ಮಿಕ್ಕ ಕಾವನ್ನು ಬಡವರ ಮಡಕೆಗೆ ಕೊಡುತ್ತಿತ್ತು.

ಕಮಲಾಪುರದಲ್ಲಿ ನನ್ನ ಆಯಿಯ ಮನೆಯಲ್ಲಿಯೂ ಇದೇ ಕ್ರಮ. ಸಂಜೆ ಜೋಳದ ರೊಟ್ಟಿ ಬಡಿದು ಮುಗಿದ ಮೇಲೆ ಒಲೆಯಲ್ಲಿ ಕುಳ್ಳಿನ ಕೆಂಡ ಉಳಿಯುತ್ತಿತ್ತು. ಅದರ ಮೇಲೆ ಬೂದಿ ಎಳೆದು, ಮಣ್ಣಿನ ಗಡಿಗೆಯಲ್ಲಿ ಎಲುಬು, ಬೇಳೆ, ಅಂದು ಮನೆಯಲ್ಲಿದ್ದ ಕಾಯಿಪಲ್ಯೆಯನ್ನೆಲ್ಲ ಹಾಕಿ ಒಂದು ಕುದಿ ಬಂದ ಮೇಲೆ ಅಲ್ಲಿಟ್ಟುಬಿಡುವಳು. ನಾವು ಮಕ್ಕಳು ಹಸಿವಿನ ಆತುರದಿಂದ ಊದುಗೊಳವೆಗೆ ಕೈ ಹಾಕಿದರೆ, “ತಮ್ಮಾ, ಊದಬ್ಯಾಡ. ಅದು ತನ್ನಷ್ಟಕ್ಕ ತಾನ ಬೇಯ್ಲಾಕತ್ತದ,” ಎನ್ನುವಳು. ಬೆಳಗಾಗುವ ವೇಳೆಗೆ ಬದನೆ ಯಾವುದು, ಕುಂಬಳ ಯಾವುದು, ನಿನ್ನೆ ಯಾರ ತಾಟಿಗೆ ಬೀಳದೆ ಉಳಿದ ತುಣುಕು ಯಾವುದು ಎಂಬುದನ್ನು ಯಾರೂ ಹೇಳಲಾಗುತ್ತಿರಲಿಲ್ಲ. ಎಳ್ಳಮಾಸಿಯ ದಿನ ಈ ನಾಡಿನ ಹೊಲಗಳಲ್ಲಿ ಸಜ್ಜೆಯ ರೊಟ್ಟಿಯೊಡನೆ ಉಣ್ಣುವ ಭಜ್ಜಿಯೂ ಹೀಗೆಯೇ. ಹತ್ತಾರು ಕಾಯಿ, ಕಾಳು, ಸೊಪ್ಪುಗಳು ಕೂಡಿ ಆದ ಆ ಪಲ್ಯೆಯಲ್ಲಿ ಖಂಡವಿಲ್ಲ. ಆದರೆ ತತ್ತ್ವ ಅದೇ. ಉಣ್ಣುವ ಮೊದಲು ಹೊಲದ ತುಂಬ ಚರಗ ಚೆಲ್ಲಿ, ಭೂಮಿಗೂ ಹಕ್ಕಿಗಳಿಗೂ ಇಟ್ಟು, ಮಿಕ್ಕುದನ್ನು ನಾವು ಉಣ್ಣುತ್ತೇವೆ. ಅಂದು ನಾವು ಭೂತಾಯಿಯ ಎಂಜಲನ್ನು ಉಣ್ಣುವವರು, ಅದರಿಂದ ಯಾರಿಗೂ ಅವಮಾನವಾದುದನ್ನು ನಾನು ಕಂಡಿಲ್ಲ.

ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ದಾರಿಯು ನಮ್ಮನ್ನು ಬಸವಕಲ್ಯಾಣದ ಕಡೆಗೇ ಒಯ್ಯುತ್ತದೆ. 12ನೆಯ ಶತಮಾನದ ಆ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಶರಣರು ನೆರೆಯುತ್ತಿದ್ದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಆತನು ಎಂದಿಗಿಂತ ಹೆಚ್ಚು ತಂದಾಗ, ಇದು ನಮ್ಮದಲ್ಲ, ತಂದಲ್ಲಿಯೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮನು ಹಿಂದಕ್ಕೆ ಕಳುಹಿದಳು. ಶೂನ್ಯಸಂಪಾದನೆಯಲ್ಲಿ ಬರುವ ಮರುಳಶಂಕರದೇವನು ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿ ಯಾರ ಕಣ್ಣಿಗೂ ಬೀಳದೆ ಬಹುಕಾಲ ಇದ್ದನು. ಉಂಡವರ ಶೇಷವೇ ಅವನ ಬಾಳು, ಅಲ್ಲಮಪ್ರಭು ಬಂದು ಗುರುತಿಸುವವರೆಗೆ ಅವನು ಮರುಳನೆಂದೇ ಎಲ್ಲರ ಎಣಿಕೆ. ಈ ಎರಡು ಕಥೆಗಳನ್ನು ಕೂಡಿಸಿ ಓದಿದಾಗ ನನಗೆ ಹೊಳೆಯುವುದು ಇಷ್ಟು: ಶರಣರು ಮಿಕ್ಕುದನ್ನು ತಾವು ಕೆಳಗೆ ನಿಂತು ಕೈಯೊಡ್ಡಿ ತೆಗೆದುಕೊಂಡರು, ಪ್ರಸಾದವೆಂಬ ಮಾತನ್ನು ಹೇಳುವ ಅಧಿಕಾರ ತೆಗೆದುಕೊಂಡವನದಲ್ಲದೆ ಕೊಟ್ಟವನದಲ್ಲ. ಕೊಟ್ಟವನು ತಾನು ಅದನ್ನು ಉಣ್ಣಲಾರದೆ, ಉಣ್ಣಲೊಲ್ಲದೆ, ಮತ್ತೊಬ್ಬನಿಗೆ ಅದೇ ಸಾಕೆಂದು ಕೊಟ್ಟರೆ, ಯಾವ ಮಂತ್ರವನ್ನು ಹೇಳಿ ಕೊಟ್ಟರೂ ಅದು ಎಂಜಲೇ.

ನಮ್ಮ ಧರ್ಮಚರ್ಚೆಗಳು ಈ ಸ್ಥಳದಲ್ಲಿ ಸಾಮಾನ್ಯವಾಗಿ ಮೌನ ತಾಳುತ್ತವೆ. ಓಂಪ್ರಕಾಶ್ ವಾಲ್ಮೀಕಿಯವರು 1997ರಲ್ಲಿ ಪ್ರಕಟಿಸಿದ ಹಿಂದಿ ಆತ್ಮಕಥೆಯ ಹೆಸರು ‘ಜೂಠನ್’, ಎಂದರೆ ಎಂಜಲು. ಮದುವೆಯ ಮನೆಯ ಹೊರಗೆ ಕಾದು ಕುಳಿತು ಉಂಡ ಎಲೆಗಳಿಂದ ಒಟ್ಟುಮಾಡಿ ತಂದುದನ್ನು ಒಣಗಿಸಿಟ್ಟು, ಕಷ್ಟದ ದಿನಗಳಲ್ಲಿ ಬೇಯಿಸಿ ಉಂಡ ಕುಲವೊಂದರ ನೆನಪು ಅದರಲ್ಲಿದೆ. ಮಿಕ್ಕುದರ ಮಹಿಮೆಯನ್ನು ಅಥರ್ವವೇದದಿಂದ ಎತ್ತಿ ಹೇಳುವ ನಾನು ಈ ಪುಸ್ತಕದ ಮುಂದೆ ತಲೆ ತಗ್ಗಿಸದೆ ಒಂದು ಮಾತನ್ನೂ ಮುಂದುವರಿಸಲಾರೆ. ಮನೆಯೊಳಗೂ ನೋಡಬೇಕು: ನಮ್ಮ ಎಷ್ಟೋ ಮನೆಗಳಲ್ಲಿ ತಂಗಳೆಲ್ಲ ಹೆಂಗಸರ ಪಾಲು, ಬಿಸಿಯಾದುದು ಗಂಡಸರ ಪಾಲು. ಆಯಿಯ ಸಾರಿನ ಹಿರಿಮೆ ಇರುವುದು ಇಲ್ಲಿ ಎಂದು ನಾನು ಬಹುಕಾಲ ನಂಬಿದ್ದೆನು: ಆ ಗಡಿಗೆಯಲ್ಲಿ ಮೊದಲು ಉಂಡವರು, ಕಡೆಗೆ ಉಂಡವರು ಎಂಬ ಸಾಲು ಅಳಿಸಿಹೋಗುತ್ತಿತ್ತು, ಶೇಷವು ಹೊಸ ನೀರಿನಲ್ಲಿ ಮತ್ತೆ ಹುಟ್ಟಿ ಎಲ್ಲರಿಗೂ ಒಂದೇ ಬಿಸಿಯಲ್ಲಿ ದೊರೆಯುತ್ತಿತ್ತು, ಅಂಗಳ ಗುಡಿಸಲು ಬರುತ್ತಿದ್ದವಳಿಗೂ ಅದೇ ಗಡಿಗೆಯಿಂದಲೇ ಕೊಡುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಸೂಪರ್ ಮಾರ್ಕೆಟ್ಟಿನಲ್ಲಿ ಗುಂಪಿ ಕೊಳ್ಳುತ್ತಿರುವಾಗ, ಇಷ್ಟೊಂದು ಬಾಡಿದ ಕಾಯಿ ನಿಮಗೇಕೆಂದು ಮಾರುವಾಕೆ ಕೇಳಿದಳು. ನಾನು ಆಯಿಯ ಸಾರಿನ ವಿಷಯ ಹೇಳಿದೆನು. ಕಮಲಾಪುರದ ಹೆಸರು ಬಂದಿತು. ಯಾವ ಓಣಿ, ಯಾರ ಮನೆ ಎಂದು ಆಕೆ ಒಂದೊಂದಾಗಿ ಕೇಳುತ್ತ ಹೋದಂತೆ, ನಮ್ಮ ಅಂಗಳ ಗುಡಿಸುತ್ತಿದ್ದವಳ ಮಗಳೇ ಇವಳೆಂದು ತಿಳಿದುಬಂದಿತು. ತಾಯಿಯ ಸೀರೆಯ ಸೆರಗು ಹಿಡಿದು ಗೋಡೆಯ ಆಚೆ ನಿಲ್ಲುತ್ತಿದ್ದ ಹುಡುಗಿಯನ್ನು ನಾನು ಮರೆತೇಬಿಟ್ಟಿದ್ದೆನು. ಆಯಿಯ ಸಾರಿನ ರುಚಿ ನಿನಗೆ ನೆನಪಿದೆಯೇ ಎಂದು ನಾನು ಆಸೆಯಿಂದ ಕೇಳಿದಾಗ ಆಕೆ ಗಜ್ಜರಿಗಳನ್ನು ಚೀಲಕ್ಕೆ ತುಂಬುತ್ತಲೇ, ಯಾವ ಕಹಿಯೂ ಇಲ್ಲದ ದನಿಯಲ್ಲಿ ಹೇಳಿದಳು:

“ಸಾರು ಭಾಳ ಛಲೋ ಇರ್ತಿತ್ತು, ಅಣ್ಣಾರ. ಮ್ಯಾಲಿಂದ ಸುರೀತಿದ್ರಲ್ಲ, ನಮ್ಮವ್ವನ ಕೈ ಸುಡ್ತಿತ್ತು.”

ಗಡಿಗೆ ಒಂದೇ ಆಗಿದ್ದಿತು, ಬಿಸಿಯೂ ಒಂದೇ. ಗಡಿಗೆಗೂ ಆಕೆಯ ತಾಯಿಯ ತಾಟಿಗೂ ನಡುವೆ ಇದ್ದ ಒಂದು ಮೊಳದ ಅಂತರವನ್ನು ನಾನು ಚಿಕ್ಕಂದಿನಲ್ಲಿ ದಿನವೂ ಕಣ್ಣಾರೆ ಕಂಡಿದ್ದೆನು. ಅಂದು ರಾತ್ರಿ ಒಲೆಯ ಮೇಲೆ ಪಾತ್ರೆಯನ್ನಿಟ್ಟು, ಒಂದು ಕುದಿ ಬಂದ ಮೇಲೆ ಕಾವನ್ನು ಇಳಿಸಿ, ಬೆಳಗಿನ ಜಾವದವರೆಗೆ ಅದರ ಬಳಿಯಲ್ಲಿಯೇ ಕುಳಿತಿದ್ದೆನು. ಮರುದಿನ ಮಧ್ಯಾಹ್ನ ಡಬ್ಬಿಯಲ್ಲಿ ಸಾರನ್ನೂ ನಾಲ್ಕು ರೊಟ್ಟಿಗಳನ್ನೂ ಕಟ್ಟಿಕೊಂಡು ಹೋಗಿ, ಆಕೆಯ ಗೋಣಿತಟ್ಟಿನ ಅಂಚಿನಲ್ಲಿ ಸ್ವಲ್ಪ ಜಾಗ ಕೇಳಿದೆನು. ಆಕೆ ಬದನೆಕಾಯಿಗಳನ್ನು ಬದಿಗೆ ಸರಿಸಿದಳು.